ಅಡಾಜಿಯೋ ಎಂದರೆ ಎಷ್ಟು ನಿಧಾನ?

ಕೇಳುಗರಿಗೆಲ್ಲ ನಮಸ್ಕಾರ.

ಮೊಜಾರ್ಟ್‌ನ ಕ್ಲಾರಿನೆಟ್ ಕನ್ಸರ್ಟೊ, ಅಂದರೆ ಒಂಟಿ ಕ್ಲಾರಿನೆಟ್ ವಾದ್ಯಮೇಳದೊಡನೆ ನುಡಿಸುವ ರಚನೆ, 1791ರ ಕೃತಿ. ವಿಯೆನ್ನಾದಲ್ಲಿ, ಗೆಳೆಯ ಆಂಟನ್ ಸ್ಟಾಡ್ಲರ್ ನುಡಿಸಲೆಂದು ಬರೆದದ್ದು. ಮೊಜಾರ್ಟ್‌ನ ಕೃತಿಗಳ ಕೋಖೆಲ್ ಪಟ್ಟಿಯಲ್ಲಿ ಅದರ ಸಂಖ್ಯೆ 622. ಮೂರು ಭಾಗಗಳಲ್ಲಿ ಮೊದಲನೆಯದೂ ಕೊನೆಯದೂ ಎ ಮೇಜರ್‌ನಲ್ಲಿ, ಚುರುಕು ನಡೆಯಲ್ಲಿ ಇವೆ. ನಡುವಿನದು ಡಿ ಮೇಜರ್, ಆವರ್ತಕ್ಕೆ ಮೂರು ಎಣಿಕೆ. ಅದರ ನೆತ್ತಿಯ ಮೇಲೆ ಇರುವುದು ಒಂದೇ ಸೂಚನೆ: ಅಡಾಜಿಯೋ, ಅಂದರೆ ನಿಧಾನ. ಆ ನಿಧಾನ ಎಷ್ಟು ಎಂಬುದೇ ಇವತ್ತಿನ ಮಾತು.

ಮೊದಲು ಶ್ರುತಿಯ ವಿಷಯ ನೋಡೋಣ. ಮೇಜರ್ ಎಂದರೆ, ಗಮಕವಿಲ್ಲದೆ ಹೇಳುವುದಾದರೆ, ಶಂಕರಾಭರಣದ ಏಳು ಸ್ವರಗಳು. ಎ ಎಂಬ ಸ್ವರವನ್ನು ಷಡ್ಜವೆಂದು ಹಿಡಿದರೆ ಡಿ ಅದರ ಶುದ್ಧ ಮಧ್ಯಮ. ಮೊದಲ ಭಾಗ ಮುಗಿದು ಎರಡನೆಯದು ಶುರುವಾದಾಗ ಸಂಗೀತ ಮಧ್ಯಮ ಶ್ರುತಿಗೆ ಹೊರಳಿದಂತಾಗುತ್ತದೆ. ಬದಲಾಗುವುದು ಒಂದೇ ಸ್ವರ: ಎ ಮೇಜರ್‌ನ ಕಾಕಲಿ ನಿಷಾದ ಅರ್ಧ ಸ್ವರ ಕೆಳಗಿಳಿದು ಹೊಸ ಷಡ್ಜಕ್ಕೆ ಮಧ್ಯಮವಾಗುತ್ತದೆ. ಮೇಲಿನ ಷಡ್ಜದತ್ತ ಸದಾ ತುಯ್ಯುತ್ತಿದ್ದ ಸ್ವರ ಅದು. ಅದು ಸಡಿಲಗೊಂಡ ಕೂಡಲೇ ಕೇಳುವವರ ಕಿವಿಯೂ ಸಡಿಲವಾಗುತ್ತದೆ. ಈ ಭಾಗದ ನೆಮ್ಮದಿಯಲ್ಲಿ ಅರ್ಧ ಪಾಲು ಇಲ್ಲಿಂದಲೇ ಬಂದದ್ದು. ಇನ್ನರ್ಧ ಮೇಳದಿಂದ. ಓಬೋ ಇಲ್ಲ, ಟ್ರಂಪೆಟ್ ಇಲ್ಲ, ನಗಾರಿ ಇಲ್ಲ. ಎರಡೆರಡು ಫ್ಲೂಟ್, ಬಸೂನ್, ಹಾರ್ನ್, ಜೊತೆಗೆ ತಂತಿವಾದ್ಯಗಳು, ಅಷ್ಟೇ.

ರಾಗದ ಎತ್ತುಗಡೆ ಬಹಳ ಸರಳ: ಕೆಳಗಿನ ಪಂಚಮ, ಷಡ್ಜ, ಗಾಂಧಾರ. ಪ ಸ ಗ. ಪೀಠಿಕೆ ಇಲ್ಲದೆ, ಮೊದಲ ಆವರ್ತದಲ್ಲೇ, ತಂತಿವಾದ್ಯಗಳ ಮೆಲ್ಲನೆಯ ಅಲೆಯ ಮೇಲೆ ಕ್ಲಾರಿನೆಟ್ ಇದನ್ನು ಎತ್ತಿಕೊಳ್ಳುತ್ತದೆ. ನುಡಿಸುವುದು ಎ ಕ್ಲಾರಿನೆಟ್‌ನಲ್ಲಿ. ಅದರಲ್ಲಿ ಬರೆದ ಸಿ, ಎ ಆಗಿ ಕೇಳಿಸುತ್ತದೆ. ಹಾಗಾಗಿ ವಾದಕರ ಹಾಳೆಯಲ್ಲಿ ಈ ಭಾಗ ಎಫ್ ಮೇಜರ್‌ನಲ್ಲಿ, ಒಂದೇ ಫ್ಲ್ಯಾಟ್‌ನೊಂದಿಗೆ, ಅಂದರೆ ಅರ್ಧ ಸ್ವರ ಇಳಿಸುವ ಒಂದೇ ಗುರುತಿನೊಂದಿಗೆ, ಇರುತ್ತದೆ. ಕೈಯಲ್ಲಿ ಬಿ ಫ್ಲ್ಯಾಟ್ ಕ್ಲಾರಿನೆಟ್ ಮಾತ್ರ ಇರುವ ವಿದ್ಯಾರ್ಥಿ ಇದೇ ಶ್ರುತಿಯಲ್ಲಿ ನುಡಿಸಹೊರಟರೆ ನಾಲ್ಕು ಶಾರ್ಪ್‌ಗಳ, ಅಂದರೆ ಅರ್ಧ ಸ್ವರ ಏರಿಸುವ ನಾಲ್ಕು ಗುರುತುಗಳ, ಇ ಮೇಜರ್‌ನಲ್ಲಿ ಬೆರಳಾಡಿಸಬೇಕು, ರಾಗದ ಹರಿವು ಬೆರಳಲ್ಲೇ ತಡವರಿಸುತ್ತದೆ. ಎ ಕ್ಲಾರಿನೆಟ್‌ನಲ್ಲೂ ಮೊದಲ ಸ್ವರವೇ ಪರೀಕ್ಷೆ. ಆ ಸ್ವರಕ್ಕೆ ಎರಡೂ ಕೈಯ ರಂಧ್ರಗಳೆಲ್ಲ ಮುಚ್ಚಿರಬೇಕು. ಒಂದು ಬೆರಳು ಕೂದಲೆಳೆಯಷ್ಟು ಜಾರಿದರೂ ದನಿ ಕೀಚಲಾಗುತ್ತದೆ. ಬೆರಳುಗಳನ್ನು ಮೊದಲೇ ಊರಿ, ಉಸಿರಿನ ಒತ್ತಡವನ್ನು ಸಿದ್ಧ ಮಾಡಿಕೊಂಡು, ಆಮೇಲೆ ನಾಲಿಗೆಯನ್ನು ರೀಡ್‌ನಿಂದ, ಅಂದರೆ ಊದುಬಾಯಿಯಲ್ಲಿ ಕಂಪಿಸುವ ತೆಳು ಪಟ್ಟಿಯಿಂದ, ಮೆತ್ತಗೆ ತೆಗೆಯಬೇಕು.

ಇನ್ನು ವೇಗ. ನಿಮಿಷಕ್ಕೆ ಎಷ್ಟು ಎಣಿಕೆ ಎಂದು ಟಿಕ್ ಟಿಕ್ ಎಂದು ತೋರಿಸುವ ಯಂತ್ರ, ಮೇಲ್ಟ್ಸೆಲ್‌ನ ಮೆಟ್ರೊನೋಮ್‌, ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1815ರಲ್ಲಿ, ಮೊಜಾರ್ಟ್ ತೀರಿಕೊಂಡ ಮೇಲೆ. ಹಾಗಾಗಿ ಮೊಜಾರ್ಟ್ ವೇಗದ ಅಂಕಿ ಬರೆದಿಟ್ಟಿಲ್ಲ, ಲೆಕ್ಕ ನಾವೇ ಹಾಕಬೇಕು. ಈ ಭಾಗದಲ್ಲಿ 98 ಆವರ್ತ, ಅಂದರೆ 294 ಎಣಿಕೆ. ನಿಮಿಷಕ್ಕೆ 42 ಎಣಿಕೆಯಾದರೆ ಏಳು ನಿಮಿಷ, ನಾಲ್ಕು ಆವರ್ತಕ್ಕೆ ಸುಮಾರು 17 ಸೆಕೆಂಡು. 36ಕ್ಕೆ ಇಳಿಸಿದರೆ ಒಟ್ಟು ಎಂಟು ನಿಮಿಷ ದಾಟುತ್ತದೆ, ನಾಲ್ಕು ಆವರ್ತಕ್ಕೆ 20 ಸೆಕೆಂಡು ಬೇಕು. ಮೂರೇ ಸೆಕೆಂಡಿನ ವ್ಯತ್ಯಾಸ ಎನ್ನಿಸಬಹುದು. ಊದುವವರಿಗೆ ಅದು ದೊಡ್ಡದು. ಉಸಿರು ಸಾಲದೆ ಎರಡೆರಡು ಆವರ್ತಕ್ಕೆ ನಿಲ್ಲಬೇಕಾಗುತ್ತದೆ, ವಾಕ್ಯದ ಕೊನೆಯ ಸ್ವರ ಮೊಟಕಾಗುತ್ತದೆ, ಪಿಟೀಲುಗಳ ಅಲೆ ಹೆಜ್ಜೆ ಎಣಿಸುವಂತೆ ಕೇಳಿಸತೊಡಗುತ್ತದೆ. ನನ್ನ ಮಟ್ಟಿಗೆ 42ರಿಂದ 46ರ ನಡುವೆ ಈ ರಾಗ ತಾನಾಗಿ ಉಸಿರಾಡುತ್ತದೆ. ಮೊದಲ ಸ್ವರ ಎತ್ತುವ ಮುನ್ನ ಪಿಟೀಲಿನ ಅರೆ ಎಣಿಕೆಯ ಸ್ವರಗಳನ್ನು, ಆವರ್ತಕ್ಕೆ ಆರರಂತೆ, ಮನಸ್ಸಿನಲ್ಲೇ ಒಮ್ಮೆ ಎಣಿಸಿಕೊಂಡರೆ ವೇಗ ತಪ್ಪುವುದಿಲ್ಲ.

ತೀರ ನಿಧಾನವಾಗಿ ನುಡಿಸುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಸಾವಿನ ನೆರಳಿರುತ್ತದೆ. ಮೊಜಾರ್ಟ್ ತೀರಿಕೊಂಡದ್ದು ಅದೇ ವರ್ಷ ಡಿಸೆಂಬರ್ 5ರಂದು. ಹಾಗಾಗಿ ಇದು ವಿದಾಯದ ಸಂಗೀತ ಎಂದು ಹೇಳುವುದು ರೂಢಿಯಾಗಿದೆ. ಆದರೆ ಅಕ್ಟೋಬರ್ ಮೊದಲ ವಾರ ಹೆಂಡತಿ ಕಾನ್ಸ್‌ಟಾಂಜೆಗೆ ಬರೆದ ಕಾಗದದಲ್ಲಿ ಅವನು ಕಪ್ಪು ಕಾಫಿ ತರಿಸಿಕೊಂಡದ್ದು, ಒಳ್ಳೆಯ ಪೈಪು ಸೇದಿದ್ದು, ಸ್ಟಾಡ್ಲರ್‌ನ ರೊಂಡೋಗೆ, ಅಂದರೆ ಇದೇ ಕನ್ಸರ್ಟೊದ ಕೊನೆಯ ಭಾಗಕ್ಕೆ, ವಾದ್ಯಗಳನ್ನು ಹಂಚಿ ಮುಗಿಸುತ್ತ ಬಂದದ್ದು ಎಲ್ಲ ಇದೆ. ಅದು ಕೆಲಸ ಕೈಹಿಡಿದವನ ಹುರುಪು. ಅಡಾಜಿಯೋದಲ್ಲಿ ಮನ ಕರಗುತ್ತದೆ ನಿಜ. ಆದರೆ ಆ ಕರಗುವಿಕೆ ಮೇಜರ್‌ನ ಬೆಳಕಿನೊಳಗೇ ನಡೆಯುತ್ತದೆ; ಶೋಕವನ್ನು ಹೊರಗಿನಿಂದ ತಂದು ಹೇರಿದರೆ ಆ ಬೆಳಕು ಮಂಕಾಗುತ್ತದೆ.

ನಡುಭಾಗದಲ್ಲಿ ಕ್ಲಾರಿನೆಟ್ ಮೇಲಿನಿಂದ ತಳಕ್ಕೆ ಜಿಗಿಯುತ್ತ ಒಬ್ಬರೇ ಇಬ್ಬರಂತೆ ಮಾತಾಡುತ್ತದೆ. ಸ್ಟಾಡ್ಲರ್‌ನ ವಾದ್ಯ ಬಾಸೆಟ್ ಕ್ಲಾರಿನೆಟ್. ಸಾಮಾನ್ಯ ಕ್ಲಾರಿನೆಟ್ಟಿಗಿಂತ ನಾಲ್ಕು ಅರ್ಧ ಸ್ವರ ಕೆಳಗಿಳಿಯುತ್ತಿತ್ತು. ಮೂಲ ಹಸ್ತಪ್ರತಿ ಕಳೆದುಹೋಗಿದೆ. 1801ರ ಸುಮಾರಿಗೆ ಅಚ್ಚಾದ ಪ್ರತಿಗಳಲ್ಲಿ ಆ ತಳದ ಸ್ವರಗಳನ್ನು ಸಾಮಾನ್ಯ ವಾದ್ಯಕ್ಕೆಂದು ಮೇಲಕ್ಕೆ ಎತ್ತಿಟ್ಟರು. ಈಗ ಹಲವರು ಬಾಸೆಟ್ ಕ್ಲಾರಿನೆಟ್ ಮಾಡಿಸಿಕೊಂಡು ಅವನ್ನು ಊಹೆಯಿಂದ ಮರಳಿ ಕೂಡಿಸುತ್ತಾರೆ. ಅಂಥ ವಾದನದಲ್ಲಿ ಜಿಗಿತಗಳ ಆಳ ಚೆನ್ನಾಗಿ ತಿಳಿಯುತ್ತದೆ.

59ನೇ ಆವರ್ತದಲ್ಲಿ ಮೇಳ ನಿಂತು ಕ್ಲಾರಿನೆಟ್ ಒಂಟಿಯಾಗುತ್ತದೆ. ಒಂದೇ ಉಸಿರಿನಷ್ಟು ಚಿಕ್ಕ ಮನೋಧರ್ಮಕ್ಕೆ ಅಲ್ಲಿ ಜಾಗ, ಅದನ್ನು ಬೆಳೆಸಬಾರದು. ಆಮೇಲೆ ಮೊದಲ ರಾಗ ಮರಳುತ್ತದೆ. ಅದನ್ನು ಪಿಸುಮಾತಿನಷ್ಟು ಮೆಲ್ಲಗೆ ನುಡಿಸುವುದು ವಾಡಿಕೆ. ಅಪಾಯ ಇರುವುದೂ ಅಲ್ಲೇ: ಮೆಲ್ಲಗೆ ಊದಿದಾಗ ಕ್ಲಾರಿನೆಟ್‌ನ ಶ್ರುತಿ ಮೇಲೇರುತ್ತದೆ, ಫ್ಲೂಟ್‌ನದು ಕೆಳಗಿಳಿಯುತ್ತದೆ. ಇಬ್ಬರೂ ಕಿವಿಗೊಡದಿದ್ದರೆ ಇಷ್ಟು ಹೊತ್ತು ಕಟ್ಟಿದ ನೆಮ್ಮದಿ ಒಂದೇ ಆವರ್ತದಲ್ಲಿ ಒಡೆಯುತ್ತದೆ. ನುರಿತವರು ಅಲ್ಲಿ ತುಟಿಯ ಬಿಗಿತವನ್ನು ತುಸು ಸಡಿಲಿಸಿ, ಉಸಿರಿನ ಆಸರೆಯನ್ನು ಮಾತ್ರ ಬಿಡದೆ ನುಡಿಸುತ್ತಾರೆ.

ಈಗ ಅಡಾಜಿಯೋ ಕೇಳೋಣ. ಕ್ಲಾರಿನೆಟ್ ಎಂಟು ಆವರ್ತ ನುಡಿಸಿದ ಮೇಲೆ ಅದೇ ರಾಗವನ್ನು ಮೇಳವೆಲ್ಲ ಸೇರಿ ಎತ್ತಿಕೊಳ್ಳುತ್ತದೆ. ಫ್ಲೂಟ್‌ಗಳೂ ಹಾರ್ನ್‌ಗಳೂ ಮೊದಲ ಬಾರಿಗೆ ಕೇಳಿಸುವುದು ಅಲ್ಲಿ.