ಹಳೇ ಗಿಟಾರಿನ ಗುಂಯ್ ಸದ್ದು: ಬಿಚ್ಚೋ ಮೊದಲು ಕಿವಿಗೊಡಿ

ಈ ಸದ್ದು ಕೇಳಿ. ಗುಂಯ್… ನಾನು ಸ್ಟ್ರಿಂಗ್ ಮುಟ್ಟಿಲ್ಲ, ಕೈ ತೊಡೆ ಮೇಲಿದೆ. ಗಿಟಾರನ್ನ ಆಂಪ್‌ಗೆ, ಅಂದ್ರೆ ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರ್‌ಗೆ, ಸಿಕ್ಕಿಸಿ ವಾಲ್ಯೂಮ್ ಏರಿಸಿದ್ದೀನಿ, ಅಷ್ಟೇ. ಹಳೇ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವರಿಗೆಲ್ಲ ಈ ಸದ್ದಿನ ಪರಿಚಯ ಇದ್ದೇ ಇರುತ್ತೆ.

ಇವತ್ತು ನಾನು ಹೇಳಬೇಕಾದ್ದು ಇಷ್ಟು: ಸದ್ದು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋವರೆಗೂ ಗಿಟಾರ್ ಬಿಚ್ಚಬೇಡಿ. ಬಿಚ್ಚಿದ ಮೇಲೂ, ಮತ್ತೆ ಮೊದಲಿನ ಹಾಗೆ ಮಾಡೋಕಾಗದ ಕೆಲಸಕ್ಕೆ ಕೈ ಹಾಕಬೇಡಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 1960ರ ದಶಕದ ಒಂದು ಗಿಟಾರ್ ಒಮ್ಮೆ ನನ್ನ ಕೈಗೆ ಬಂದಿತ್ತು. ಹೊರಗಿನಿಂದ ನೋಡಿದ್ರೆ ಕಣ್ಣು ತುಂಬೋಷ್ಟು ಚೆಂದ. ಸ್ಟ್ರಿಂಗ್ ಕೆಳಗಿನ ಮುಚ್ಚಳದಂಥ ಪಿಕ್‌ಗಾರ್ಡ್ ಎತ್ತಿದ್ರೆ ಒಳಗೆಲ್ಲ ಕರೆಂಟ್ ಹರಿಯಬಿಡೋ ಕಪ್ಪು ಕಂಡಕ್ಟಿವ್ ಪೇಂಟ್. ಬಟ್ಟೆ ಹೊದಿಕೆಯ ಮೂಲ ವೈರ್‌ಗಳೆಲ್ಲ ಹೋಗಿ ಪ್ಲಾಸ್ಟಿಕ್ ವೈರ್ ಬಂದಿತ್ತು. ಬೆನ್ನ ಮೇಲೆ ತಯಾರಾದ ವರ್ಷದ ಗುರುತಿರೋ ಹಳೇ ಪಾಟ್‌ಗಳೂ, ಅಂದ್ರೆ ವಾಲ್ಯೂಮ್, ಟೋನ್ ಗುಂಡಿಗಳ ಅಡಿಯ ಭಾಗಗಳೂ, ಇರಲಿಲ್ಲ. ಇದೆಲ್ಲ ಮಾಡಿದ್ದು ಹಮ್, ಅಂದ್ರೆ ಈ ಗುಂಯ್ ಸದ್ದು, ಕಡಿಮೆ ಮಾಡೋಕೆ. ಆಂಪ್‌ಗೆ ಹಾಕಿದ್ರೆ ಹಮ್ ಇದ್ದ ಹಾಗೇ ಇತ್ತು. ನನಗೆ ನಿಜಕ್ಕೂ ಸಂಕಟ ಆಯ್ತು. ಅಷ್ಟು ವರ್ಷ ಯಾರೂ ಮುಟ್ಟದೆ ಉಳಿದಿದ್ದ ಬೆಸುಗೆ ಒಂದು ಮಧ್ಯಾಹ್ನದಲ್ಲಿ ಹೋಗಿಬಿಟ್ಟಿತ್ತು, ಅದೂ ಏನೂ ಪ್ರಯೋಜನ ಇಲ್ಲದೆ.

ಯಾಕೆ ಪ್ರಯೋಜನ ಆಗಲಿಲ್ಲ? ನಾವು ಒಟ್ಟಾರೆ ‘ನಾಯ್ಸ್’ ಅನ್ನೋದರಲ್ಲಿ ಎರಡು ಬೇರೆ ಬೇರೆ ಸದ್ದುಗಳಿವೆ. ಒಂದು ಹಮ್, ಇನ್ನೊಂದು ಬಝ್. ಹಮ್ ದುಂಡಗೆ, ತಗ್ಗು ಸ್ವರದಲ್ಲಿ ಗುಂಯ್ ಅನ್ನುತ್ತೆ. ಬಝ್ ಚೂಪಾಗಿ, ಹಲ್ಲು ಜುಮ್ಮೆನ್ನಿಸೋ ಹಾಗೆ ಜರ್‌ರ್ ಅನ್ನುತ್ತೆ. ಎರಡರ ಮೂಲ ಬೇರೆ, ಮದ್ದೂ ಬೇರೆ.

ಹಮ್ ಅನ್ನೋದು ಕರೆಂಟಿನ ಕಾಂತಕ್ಷೇತ್ರದ್ದು. ಸ್ಟ್ರಿಂಗ್ ಅಡಿಯಲ್ಲಿ ಕೂರೋ ಹಳೇ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಒಳಗೆ ಏನಿರುತ್ತೆ? ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳಗಿನ, ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ವೈರನ್ನ ಏಳೆಂಟು ಸಾವಿರ ಸುತ್ತು ಸುತ್ತಿರ್ತಾರೆ. ಸ್ಟ್ರಿಂಗ್ ಅಲುಗಾಡಿದಾಗ ಆಗೋ ಸಣ್ಣ ಬದಲಾವಣೆಯನ್ನ ಹಿಡಿಯೋದು ಅದರ ಕೆಲಸ. ಆದ್ರೆ ಪಕ್ಕದ ಟ್ರಾನ್ಸ್‌ಫಾರ್ಮರ್ ಹೊರಸೂಸೋ 50 ಅಥವಾ 60 ಹರ್ಟ್ಝ್ ಕ್ಷೇತ್ರವೂ ಅದೇ ಕಾಯಿಲ್ ಒಳಗೆ ಹಾಯುತ್ತೆ. ಇದು ಸ್ಟ್ರಿಂಗಿನದು, ಇದು ಟ್ರಾನ್ಸ್‌ಫಾರ್ಮರಿನದು ಅಂತ ಕಾಯಿಲ್‌ಗೆ ಹೇಗೆ ಗೊತ್ತಾಗಬೇಕು? 50 ಹರ್ಟ್ಝ್ ಅಂದ್ರೆ ಜಿ ಮತ್ತು ಜಿ ಶಾರ್ಪ್ ಸ್ವರಗಳ ನಡುವೆ ಬೀಳುತ್ತೆ. ಗಿಟಾರಿನ ಮಾಮೂಲಿ ಶ್ರುತಿಗೆ ಸರಿಯಾಗಿ ಕೂರಲ್ಲ, ಅದಕ್ಕೇ ಕಿವಿಗೆ ಅಷ್ಟು ಚುಚ್ಚುತ್ತೆ.

ಇದನ್ನ ತಾಮ್ರದ ಫಾಯಿಲ್ ತಡೆಯುತ್ತಾ? ತಡೆಯಲ್ಲ. 50 ಹರ್ಟ್ಝ್‌ನ ಕಾಂತಕ್ಷೇತ್ರ ತಾಮ್ರದೊಳಗೆ ಗಮನಾರ್ಹವಾಗಿ ಕುಗ್ಗಬೇಕು ಅಂದ್ರೇನೇ ಸುಮಾರು 9 ಮಿಲಿಮೀಟರ್ ದಪ್ಪ ಬೇಕು. ನಾವು ಅಂಟಿಸೋ ಫಾಯಿಲ್ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರಲ್ಲ. ಪೇಂಟ್ ಮಾತಂತೂ ಬಿಡಿ. ಆ ಗಿಟಾರಿಗೆ ಆಗಿದ್ದು ಇದೇ. ಬಝ್‌ನ ಮದ್ದನ್ನ ಹಮ್‌ಗೆ ಕುಡಿಸಿದ್ರು.

ಬಝ್ ಬರೋದು ವಿದ್ಯುತ್ ಕ್ಷೇತ್ರದಿಂದ: ಬೆಳಕು ಹೆಚ್ಚುಕಡಿಮೆ ಮಾಡೋ ಡಿಮ್ಮರ್ ಹಾಕಿದ ಲೈಟು, ಕಳಪೆ ಚಾರ್ಜರ್, ಟ್ಯೂಬ್‌ಲೈಟ್. ಇಲ್ಲಿ ಮಾತ್ರ ಅರ್ಥ್‌ಗೆ ಜೋಡಿಸಿದ ಲೋಹದ ಹೊದಿಕೆ ಚೆನ್ನಾಗಿ ಕೆಲಸ ಮಾಡುತ್ತೆ. ಕಂಪನಿಗಳಿಗೂ ಇದು ಗೊತ್ತಿತ್ತು. 1960ರ ದಶಕದ ಆರಂಭದ ಫೆಂಡರ್ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಗಿಟಾರ್‌ಗಳಲ್ಲಿ ಪಿಕ್‌ಗಾರ್ಡ್ ಅಡಿಯಲ್ಲಿ ಅಲ್ಯೂಮಿನಿಯಂ ತಗಡೇ ಇರ್ತಿತ್ತು.

ಸರಿ, ಯಾವುದು ಯಾವುದು ಅಂತ ಕಂಡುಹಿಡಿಯೋದು ಹೇಗೆ? ಸ್ಕ್ರೂಡ್ರೈವರ್ ಬೇಕಿಲ್ಲ. ಮೊದಲು ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಸದ್ದು ಹೋದ್ರೆ ಅದು ಗಿಟಾರಿನ ಮೂಲಕ ಬರ್ತಿದೆ. ಹೋಗದಿದ್ರೆ ಕೇಬಲ್, ಆಂಪ್, ಮನೆ ವೈರಿಂಗ್ ಕಡೆ ನೋಡಿ. ಹಳೇ ಆಂಪ್‌ನ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿದ್ರೂ ಇಂಥದ್ದೇ ಸದ್ದು ಬರುತ್ತೆ. ಆಮೇಲೆ ವಾಲ್ಯೂಮ್ ಏರಿಸಿ, ಕೂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಜೋರು, ಇನ್ನೊಂದರಲ್ಲಿ ಹೆಚ್ಚುಕಡಿಮೆ ಮಾಯ ಆದ್ರೆ ಅದು ಕಾಂತಕ್ಷೇತ್ರದ ಹಮ್. ಕೊನೆಗೆ ಸ್ಟ್ರಿಂಗ್ ಮುಟ್ಟಿ. ಬಝ್ ಕಡಿಮೆ ಆಯ್ತಾ? ಗಾಬರಿ ಬೇಡ, ಸ್ಟ್ರಿಂಗಿಗೆ ಅರ್ಥ್ ಸರಿಯಾಗಿ ಸಿಕ್ಕಿದೆ ಅಂತ ಅರ್ಥ. ಅಲ್ಲೀವರೆಗೆ ನಿಮ್ಮ ಮೈಯೇ ಆಂಟೆನಾ ಆಗಿತ್ತು. ಸ್ಟ್ರಿಂಗ್ ಮುಟ್ಟಿದಾಗ ಏನೂ ಬದಲಾಗದೆ, ಕೇಬಲ್ ಸಿಕ್ಕಿಸೋ ಜ್ಯಾಕ್‌ನ ಲೋಹ ಮುಟ್ಟಿದಾಗ ಮಾತ್ರ ಕಡಿಮೆ ಆದ್ರೆ, ಸ್ಟ್ರಿಂಗ್ ಕೂರೋ ಬ್ರಿಡ್ಜ್‌ಗೆ ಹೋಗೋ ಅರ್ಥ್ ವೈರ್ ಕಡಿದಿದೆ. ಮುಟ್ಟಿದಾಗ ಸದ್ದು ಹೆಚ್ಚಾದ್ರೆ ಯಾರೋ ಎಲ್ಲೋ ಎರಡು ವೈರ್ ಅದಲುಬದಲು ಮಾಡಿದ್ದಾರೆ.

ಇಲ್ಲೊಂದು ಮಾತು, ದಯವಿಟ್ಟು ಗಮನ ಕೊಟ್ಟು ಕೇಳಿ. ಸ್ಟ್ರಿಂಗ್ ಹಿಡಿದು ಮೈಕ್ ಮುಟ್ಟಿದಾಗ ತುಟಿಗೆ ಚುರುಕ್ ಅಂದ್ರೆ ತಕ್ಷಣ ನಿಲ್ಲಿಸಿ. ಎರಡೇ ಪಿನ್ ಇರೋ ಹಳೇ ಆಂಪ್‌ಗಳಲ್ಲಿ ಮೇನ್ಸ್‌ಗೂ ಚಾಸಿಸ್‌ಗೂ (ಆಂಪ್‌ನ ಲೋಹದ ಚೌಕಟ್ಟಿಗೂ) ನಡುವೆ ಒಂದು ಕೆಪಾಸಿಟರ್ ಇರ್ತಿತ್ತು. ಅದು ಕೆಟ್ಟರೆ ಮೇನ್ಸ್ ಕರೆಂಟು ನೇರ ನಿಮ್ಮ ಸ್ಟ್ರಿಂಗಿಗೆ ಬರುತ್ತೆ, ಜೀವ ಹೋಗುತ್ತೆ. ಬಲ್ಲ ಟೆಕ್ನಿಷಿಯನ್ ಹತ್ತಿರ ಆ ಕೆಪಾಸಿಟರ್ ತೆಗೆಸಿ, ಅರ್ಥ್ ಇರೋ ಮೂರು ಪಿನ್ ಪ್ಲಗ್ ಹಾಕಿಸಿ. ನೀವೇ ಆಂಪ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರುತ್ತೆ. ಹಮ್ ಹೋಗ್ಲಿ ಅಂತ ಅರ್ಥ್ ಪಿನ್ ಮುರಿಯೋರನ್ನ ಕಂಡ್ರೆ ನನಗೆ ಕೋಪ ಬರುತ್ತೆ. ಯಾವ ಸದ್ದೂ ಜೀವಕ್ಕಿಂತ ದೊಡ್ಡದಲ್ಲ.

ಈಗ ಗಿಟಾರಿಗೆ ಬರೋಣ. ನನ್ನ ಅನುಭವದಲ್ಲಿ ಹಳೇ ಗಿಟಾರಿನ ಬಝ್‌ಗೆ ಬಹಳ ಸಲ ಕಾರಣ ಒಂದು ಸಡಿಲ ಜೋಡಣೆ. ಲೆಸ್ ಪಾಲ್ ತರದ ಗಿಟಾರಿನಲ್ಲಿ ಸ್ಟ್ರಿಂಗ್ ತುದಿ ಹಿಡಿಯೋ ಟೇಲ್‌ಪೀಸ್‌ನ ಬುಶ್ ಪಕ್ಕಕ್ಕೆ ಒಂದು ಬೋಳು ವೈರ್ ಒತ್ತಿಕೊಂಡಿರುತ್ತೆ ಅಷ್ಟೇ, ಬೆಸುಗೆ ಇರಲ್ಲ. ದಶಕಗಳು ಕಳೆದಾಗ ಅಲ್ಲಿ ತುಕ್ಕು, ಕಿಲುಬು ಕೂರುತ್ತೆ. ಸ್ಟ್ರಾಟ್‌ನಲ್ಲಿ ಹಿಂದಿನ ಸ್ಪ್ರಿಂಗ್ ಹಿಡಿದ ತಗಡಿಗೆ ಬೆಸೆದಿರ್ತಾರೆ, ಅದು ಬಿಟ್ಟುಕೊಳ್ಳುತ್ತೆ. ಮಲ್ಟಿಮೀಟರ್‌ನ ಒಂದು ಮೊನೆ ಬ್ರಿಡ್ಜ್‌ಗೆ, ಇನ್ನೊಂದು ಜ್ಯಾಕ್‌ನ ಹೊರ ಲೋಹಕ್ಕೆ ಇಡಿ. ಸೊನ್ನೆ ಓಮ್ ಹತ್ತಿರ ತೋರಿಸಬೇಕು. ತೋರಿಸಲಿಲ್ಲ ಅಂದ್ರೆ ಕಳ್ಳ ಸಿಕ್ಕಿಬಿದ್ದ. ಜ್ಯಾಕ್‌ನ ನಾಲಿಗೆ ಸಡಿಲ ಆಗಿದ್ರೆ ಮೆಲ್ಲಗೆ ಬಗ್ಗಿಸಿ ಒರೆಸಿ. ಪಾಟ್ ಕರಕರ ಅಂದ್ರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಸಾಕು, ಪಾಟ್ ಬದಲಿಸೋದು ಬೇಡ.

ಶೀಲ್ಡಿಂಗ್, ಅಂದ್ರೆ ಆ ಲೋಹದ ಹೊದಿಕೆ, ಮಾಡಲೇಬೇಕು ಅಂದ್ರೂ ಮರಕ್ಕೆ ಏನನ್ನೂ ಅಂಟಿಸಬೇಡಿ. ಒಳಗಿನ ಗುಂಡಿಯ ಅಳತೆಗೆ ತೆಳು ರಟ್ಟು ಕತ್ತರಿಸಿ, ಅದಕ್ಕೆ ತಾಮ್ರದ ಫಾಯಿಲ್ ಅಂಟಿಸಿ, ತೊಟ್ಟಿ ತರ ಮಡಚಿ ಒಳಗೆ ಕೂರಿಸಿ. ಫಾಯಿಲ್ ತುಂಡುಗಳು ಒಂದಕ್ಕೊಂದು ಬೆಸೆದಿರಬೇಕು, ಅರ್ಥ್‌ಗೆ ಒಂದು ವೈರ್ ಹೋಗಬೇಕು, ಜ್ಯಾಕ್‌ನ ತುದಿ ಫಾಯಿಲ್‌ಗೆ ತಗುಲಬಾರದು. ತಗುಲಿದ್ರೆ ಗಿಟಾರೇ ಮೂಕ ಆಗುತ್ತೆ. ನಾಳೆ ಬೇಡ ಅನಿಸಿದ್ರೆ ರಟ್ಟು ಎತ್ತಿಬಿಡಿ, ಮರದ ಮೇಲೆ ಗುರುತೂ ಉಳಿಯಲ್ಲ.

ಹಮ್‌ಗೆ ನಿಜವಾದ ಮದ್ದು ಎರಡನೇ ಕಾಯಿಲ್. ಸೆತ್ ಲವರ್ ಗಿಬ್ಸನ್ ಕಂಪನಿಯಲ್ಲಿ ಇದ್ದಾಗ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಇದೇ. ಪಕ್ಕಪಕ್ಕದ ಎರಡು ಕಾಯಿಲ್‌ಗಳಲ್ಲಿ ಒಂದರ ಕಾಂತಧ್ರುವ ಉಲ್ಟಾ, ವೈರಿನ ಜೋಡಣೆಯೂ ಉಲ್ಟಾ. ಸ್ಟ್ರಿಂಗಿನ ಸದ್ದು ಕೂಡಿಕೊಳ್ಳುತ್ತೆ, ಹಮ್ ಒಂದನ್ನೊಂದು ಹೊಡೆದುಹಾಕುತ್ತೆ. 1958ರ ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿನಲ್ಲೂ ಎರಡೂ ಪಿಕಪ್ ಒಟ್ಟಿಗೆ ಹಾಕಿದ್ರೆ ಇದೇ ಆಗುತ್ತೆ. ನಿಮ್ಮ ಹಳೇ ಗಿಟಾರಿಗೆ ಹಮ್ ಇಲ್ಲದ ಹೊಸ ಪಿಕಪ್ ಹಾಕಬಹುದು, ಆಯಸ್ಕಾಂತ ಇಲ್ಲದ ಡಮ್ಮಿ ಕಾಯಿಲ್ ಸೇರಿಸಬಹುದು. ಆದ್ರೆ ನನ್ನ ಕಿವಿಗೆ ಎರಡರಲ್ಲೂ ಮೇಲಿನ ಸ್ವರಗಳ ಆ ಮಿನುಗು ಸ್ವಲ್ಪ ಮಂಕಾಗುತ್ತೆ. ಆ ಮಿನುಗಿಗಾಗೇ ಅಲ್ವಾ ಹಳೇ ಗಿಟಾರ್ ಹಿಡಿದಿದ್ದು? ವೇದಿಕೆ ಮೇಲೆ ನುಡಿಸೋ ಅನಿವಾರ್ಯ ಇದ್ರೆ ಹಾಕಿ, ತಪ್ಪೇನಿಲ್ಲ. ಆಗ ಹಳೇ ಪಿಕಪ್‌ಗಳನ್ನ ಪಿಕ್‌ಗಾರ್ಡ್ ಸಮೇತ, ಒಂದು ಬೆಸುಗೆಯನ್ನೂ ಬಿಡಿಸದೆ ಎತ್ತಿಡಿ. ಹೊಸದನ್ನೆಲ್ಲ ಬೇರೆ ಪಿಕ್‌ಗಾರ್ಡ್‌ಗೆ ಜೋಡಿಸಿ.

ಸಣ್ಣ ಸದ್ದನ್ನ ತಡೆಯೋ ನಾಯ್ಸ್ ಗೇಟ್ ಅನ್ನೋ ಸಾಧನದ ಬಗ್ಗೆ ಹೆಚ್ಚು ಹೇಳಲ್ಲ. ಅದು ನೀವು ನುಡಿಸದಿದ್ದಾಗ ಬಾಗಿಲು ಹಾಕುತ್ತೆ. ನುಡಿಸುವಾಗ ಹಮ್ ಒಳಗೇ ಇರುತ್ತೆ.

ಇನ್ನು ರೆಕಾರ್ಡ್ ಮಾಡುವಾಗ ನಾನು ಮಾಡೋದು ಹೀಗೆ. ಗೇನ್, ಅಂದ್ರೆ ಸಿಗ್ನಲ್ ಹಿಗ್ಗಿಸೋ ಪ್ರಮಾಣ, ಎಷ್ಟು ಬೇಕೋ ಅಷ್ಟೇ ಇಡ್ತೀನಿ. ಚಾರ್ಜರ್, ಡಿಮ್ಮರ್ ಎಲ್ಲ ಆರಿಸ್ತೀನಿ. ಉದ್ದನೆ ಕೇಬಲ್ ಹಾಕಿ ಆಂಪ್‌ನ ಟ್ರಾನ್ಸ್‌ಫಾರ್ಮರಿಂದ ಎರಡು ಮೂರು ಮೀಟರ್ ದೂರ ಕೂರ್ತೀನಿ, ಯಾಕಂದ್ರೆ ಆ ಕ್ಷೇತ್ರ ದೂರ ಹೋದಷ್ಟೂ ಬಹಳ ಬೇಗ ಕ್ಷೀಣಿಸುತ್ತೆ. ಆಮೇಲೆ ಕುರ್ಚಿ ಇಷ್ಟಿಷ್ಟೇ ತಿರುಗಿಸ್ತಾ ಹಮ್ ಮುಳುಗೋ ಕೋನ ಹುಡುಕ್ತೀನಿ. ಸಿಕ್ಕ ತಕ್ಷಣ ಕುರ್ಚಿ ಕಾಲುಗಳ ಪಕ್ಕ ನೆಲಕ್ಕೆ ಟೇಪ್ ಅಂಟಿಸ್ತೀನಿ. ಈಗ ಅದೇ ಟೇಪ್ ಗುರುತಿನ ಮೇಲೆ ತಿರುಗಿ ಕೂರ್ತಿದ್ದೀನಿ. ಅದೇ ಗಿಟಾರ್, ಅದೇ ವಾಲ್ಯೂಮ್. ಕೇಳಿ.