ಹದಿನಾರು ಉದ್ದ, ಒಂದೇ ವೇಗ

ಶ್ರೋತೃಗಳಿಗೆ ನಮಸ್ಕಾರ. ಬೇಸಿಗೆ ರಜೆ ಆರಂಭವಾಗಿದೆ. ಮಕ್ಕಳ ಹೆಸರನ್ನು ಈಜು ಶಿಬಿರಕ್ಕೆ ಬರೆಸಿ, ಬೆಳಗಿನ ಆರು ಗಂಟೆಗೇ ಟವೆಲ್ಲು, ಗಾಗಲ್ಸು ಹಿಡಿದುಕೊಂಡು ಕೊಳದ ದಂಡೆಯ ಮೇಲೆ ಕುಳಿತಿರುವ ತಂದೆತಾಯಂದಿರನ್ನು ಕಣ್ಣ ಮುಂದೆ ಇಟ್ಟುಕೊಂಡು ನಾನು ಈ ಮಾತುಗಳನ್ನು ಆಡುತ್ತಿದ್ದೇನೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈಜು ಕಲಿಸಿರುವ ನನಗೆ ಪ್ರತಿ ಬೇಸಿಗೆಯಲ್ಲಿಯೂ ಎದುರಾಗುವ ಪ್ರಶ್ನೆ ಒಂದೇ: "ಸಾರ್, ನಮ್ಮ ಮಗು ಜೋರಾಗಿ ಈಜುವುದು ಯಾವಾಗ?" ಇದಕ್ಕೆ ಉತ್ತರವಾಗಿ ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿಯವರ ವಿಷಯವನ್ನು ಹೇಳುತ್ತೇನೆ. ಅವರಿಂದ ಕಲಿಯಬೇಕಾದದ್ದು ಒಂದೇ ಒಂದು ಸಂಗತಿ: ಮೊದಲ ಉದ್ದವನ್ನು, ಅಂದರೆ ಕೊಳದ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ದೂರವನ್ನು, ಹೇಗೆ ಈಜಿದಿರೋ ಕೊನೆಯ ಉದ್ದವನ್ನೂ ಹಾಗೆಯೇ ಈಜಬೇಕು.

ಲೆಡೆಕಿ ಹುಟ್ಟಿದ್ದು 1997ರ ಮಾರ್ಚ್ 17ರಂದು, ವಾಷಿಂಗ್ಟನ್ ನಗರದಲ್ಲಿ. ಬೆಳೆದದ್ದು ಹತ್ತಿರದ ಬೆಥೆಸ್ಡಾದಲ್ಲಿ. ತಾಯಿ ಕಾಲೇಜು ದಿನಗಳಲ್ಲಿ ಈಜುಗಾರ್ತಿಯಾಗಿದ್ದವರು. ಆರನೆಯ ವಯಸ್ಸಿನಲ್ಲಿ ಅಣ್ಣನ ಜೊತೆ ಮನೆಯ ಹತ್ತಿರದ ಕ್ಲಬ್ಬಿನ ಕೊಳಕ್ಕೆ ಇಳಿದ ಹುಡುಗಿ, ಹದಿನೈದನೆಯ ವಯಸ್ಸಿನಲ್ಲಿ 2012ರ ಲಂಡನ್ ಒಲಿಂಪಿಕ್ಸಿನ 800 ಮೀಟರ್ ಫ್ರೀಸ್ಟೈಲ್ ಅಂತಿಮ ಸ್ಪರ್ಧೆಯಲ್ಲಿ ನಿಂತಿದ್ದರು. ಕಿಕ್ಕಿರಿದ ಪ್ರೇಕ್ಷಕರೆಲ್ಲರೂ ತಮ್ಮ ನಾಡಿನ ರೆಬೆಕಾ ಆಡ್ಲಿಂಗ್ಟನ್ ಅವರ ಹೆಸರನ್ನು ಕೂಗುತ್ತಿದ್ದರೆ, ಈ ಬಾಲಕಿ ಆರಂಭದಿಂದಲೇ ಮುಂದೆ ಹೋಗಿ, ನಾಲ್ಕು ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಗೆದ್ದರು. 8 ನಿಮಿಷ 14.63 ಸೆಕೆಂಡು.

ಇನ್ನು ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಇದರಲ್ಲಿ ಪದಕವೂ ಇಲ್ಲ, ಸ್ಪರ್ಧೆಯೂ ಇಲ್ಲ. 2020ರ ಆಗಸ್ಟ್ ತಿಂಗಳು. ಕೋವಿಡ್ ಕಾರಣದಿಂದ ಟೋಕಿಯೊ ಒಲಿಂಪಿಕ್ಸ್ ಮುಂದಕ್ಕೆ ಹೋಗಿತ್ತು. ಆಗ ಹಾಲಿನ ಪ್ರಚಾರಕ್ಕಾಗಿ ಲೆಡೆಕಿ ಒಂದು ಗಾಜಿನ ಲೋಟದಲ್ಲಿ ಚಾಕೊಲೇಟ್ ಹಾಲನ್ನು ತುಂಬಿಸಿ, ಅದನ್ನು ತಲೆಯ ಮೇಲೆ ಇರಿಸಿಕೊಂಡು, ಉಸಿರಾಟದ ಕೊಳವೆಯನ್ನು ಬಾಯಿಗೆ ಇಟ್ಟುಕೊಂಡು, ಕೊಳದ ಈ ತುದಿಯಿಂದ ಆ ತುದಿಗೆ ಫ್ರೀಸ್ಟೈಲ್ ಈಜಿದರು. ಕೈಗಳು ಒಂದಾದ ಮೇಲೊಂದು ನೀರಿನಿಂದ ಎದ್ದು ಮುಂದಕ್ಕೆ ಚಾಚುತ್ತಿವೆ, ಭುಜಗಳು ಎಡಕ್ಕೂ ಬಲಕ್ಕೂ ಹೊರಳುತ್ತಿವೆ, ಕಾಲುಗಳು ಬಡಿಯುತ್ತಿವೆ. ನಡುವೆ ತಲೆ ಮಾತ್ರ ದೇವರ ಮನೆಯ ದೀಪದಂತೆ ಅಲುಗದೆ ಇದೆ. ಆ ತುದಿಯನ್ನು ಮುಟ್ಟಿ, ಲೋಟವನ್ನು ಕೈಗೆ ತೆಗೆದುಕೊಂಡು ಹಾಲನ್ನು ಕುಡಿದರು.

ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಹಳ ಜನ ಇದನ್ನು ಚಮತ್ಕಾರವೆಂದು ನೋಡಿ ಮರೆತರು. ನನ್ನ ದೃಷ್ಟಿಯಲ್ಲಿ ಇದು ಪಾಠ. ಈಜುವಾಗ ತಲೆ ಮೇಲೆದ್ದರೆ ಸೊಂಟ ಕೆಳಗಿಳಿಯುತ್ತದೆ. ಸೊಂಟ ಇಳಿದರೆ ಮೈಯೆಲ್ಲ ನೀರಿಗೆ ಅಡ್ಡವಾಗುತ್ತದೆ. ಆಮೇಲೆ ತೋಳಿನಲ್ಲಿ ಎಷ್ಟು ಬಲವಿದ್ದರೂ ಅದು ನೀರನ್ನು ತಳ್ಳುವುದರಲ್ಲಿಯೇ ಮುಗಿದುಹೋಗುತ್ತದೆ. ಅಂಗಾತ ಈಜುವವರ ಹಣೆಯ ಮೇಲೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟವನ್ನು ಇರಿಸುವುದು ನಮ್ಮಂಥ ಕೋಚ್‌ಗಳ ಹಳೆಯ ಅಭ್ಯಾಸ. ನಾನೂ ಇದನ್ನು ಮಾಡಿಸುತ್ತೇನೆ. ಮೊದಲು ಲೋಟ ಬೀಳಿಸುವವನು ಯಾವಾಗಲೂ ಗುಂಪಿನಲ್ಲಿ ಅತ್ಯಂತ ಬಲಶಾಲಿಯಾದ ಹುಡುಗನೇ. ಆಗ ದಂಡೆಯಿಂದ ಅವನ ತಂದೆ, "ಇನ್ನೂ ಜೋರಾಗಿ ಹೊಡಿ" ಎಂದು ಕೂಗುತ್ತಾರೆ. ದಯವಿಟ್ಟು ಕೂಗಬೇಡಿ. ಕೈಯಲ್ಲಿರುವ ಸ್ಟಾಪ್‌ವಾಚನ್ನೂ ಮೊದಲ ಒಂದು ವರ್ಷ ಮನೆಯಲ್ಲಿಯೇ ಬಿಟ್ಟು ಬನ್ನಿ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. 2016ರ ರಿಯೊದಲ್ಲಿ ಅವರು ನಾಲ್ಕು ಚಿನ್ನ, ಒಂದು ಬೆಳ್ಳಿಯನ್ನು ಗೆದ್ದರು. ಅಲ್ಲಿ 800 ಮೀಟರನ್ನು 8 ನಿಮಿಷ 4.79 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದಾಗ, ಎರಡನೆಯವರು ಗೋಡೆಯನ್ನು ಮುಟ್ಟಲು ಇನ್ನೂ ಹನ್ನೊಂದು ಸೆಕೆಂಡಿಗೂ ಹೆಚ್ಚು ಕಾಲ ಬೇಕಾಯಿತು. ಪುರುಷರು 1908ರಿಂದಲೂ ಒಲಿಂಪಿಕ್ಸಿನಲ್ಲಿ 1500 ಮೀಟರ್ ಈಜುತ್ತಿದ್ದರೂ ಮಹಿಳೆಯರಿಗೆ ಆ ಸ್ಪರ್ಧೆ ದೊರೆತದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮಾತ್ರ. ಇಷ್ಟು ತಡವಾದದ್ದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಅದರ ಮೊದಲ ಚಿನ್ನ ಲೆಡೆಕಿಯವರದು. ಅದೇ ಬೆಳಿಗ್ಗೆ 200 ಮೀಟರ್ ಅಂತಿಮ ಸ್ಪರ್ಧೆಯಲ್ಲಿ ಐದನೆಯವರಾಗಿ, ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ನೀರಿಗಿಳಿದು ಗೆದ್ದ ಚಿನ್ನ. 2024ರ ಪ್ಯಾರಿಸ್ ಮುಗಿಯುವ ಹೊತ್ತಿಗೆ ಅವರ ಒಲಿಂಪಿಕ್ ಚಿನ್ನಗಳು ಒಂಬತ್ತಾದವು.

ಈಗ ಒಂದು ಸಣ್ಣ ಲೆಕ್ಕವನ್ನು ಗಮನಿಸಿ. ಕೊಳದ ಉದ್ದ 50 ಮೀಟರ್. ಆದ್ದರಿಂದ 800 ಮೀಟರ್ ಎಂದರೆ ಹದಿನಾರು ಉದ್ದ. ರಿಯೊದಲ್ಲಿ ಲೆಡೆಕಿ ಒಂದು ಉದ್ದಕ್ಕೆ ಸರಾಸರಿ 30.3 ಸೆಕೆಂಡು ತೆಗೆದುಕೊಂಡರು. 1500 ಮೀಟರಿಗೆ ಮೂವತ್ತು ಉದ್ದ. 2018ರಲ್ಲಿ ಅವರು ಬರೆದ 15 ನಿಮಿಷ 20.48 ಸೆಕೆಂಡಿನ ವಿಶ್ವದಾಖಲೆಯಲ್ಲಿ ಒಂದು ಉದ್ದಕ್ಕೆ ಸರಾಸರಿ 30.7 ಸೆಕೆಂಡು. ದೂರ ಹೆಚ್ಚುಕಡಿಮೆ ಎರಡರಷ್ಟಾದರೂ ಒಂದು ಉದ್ದಕ್ಕೆ ಹೆಚ್ಚಾದದ್ದು ಅರ್ಧ ಸೆಕೆಂಡಿಗಿಂತಲೂ ಕಡಿಮೆ. ಮೊದಲ ಉದ್ದದಂತೆಯೇ ಕೊನೆಯ ಉದ್ದ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದನ್ನೇ.

ರಿಯೊದ ಆ ದಾಖಲೆಯನ್ನು ಬಹಳ ವರ್ಷ ಯಾರಿಂದಲೂ ಮುರಿಯಲಾಗಲಿಲ್ಲ. ಕೊನೆಗೆ 2025ರ ಮೇ ತಿಂಗಳಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, 8 ನಿಮಿಷ 4.12 ಸೆಕೆಂಡಿನಲ್ಲಿ ಈಜಿ ಅದನ್ನು ಮುರಿದವರು ಲೆಡೆಕಿಯವರೇ. ಸುಮಾರು ಒಂಬತ್ತು ವರ್ಷಗಳ ದುಡಿಮೆಗೆ ಸಿಕ್ಕಿದ್ದು ಒಂದು ಸೆಕೆಂಡಿನ ಮೂರನೆಯ ಎರಡು ಭಾಗ. ನಮಸ್ಕಾರ.