ವಿಮಾನದ ಮೈಮೇಲೆ ಒಂದು ನಂಬರು, ಡಬ್ಬದೊಳಗೆ ಇನ್ನೊಂದು

ಎಲ್ರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ಈಗ ಬೆಳಗ್ಗೆ ಏಳು ಗಂಟೆ, ಹ್ಯಾಂಗರ್ ಬಾಗಿಲು ಈಗಷ್ಟೇ ತೆಗ್ದೆ, ಒಳಗೆ ನಿಂತಿರೋದು ಸೆಸ್ನಾ 172, ನಾಲ್ಕು ಸೀಟಿಂದು. ಇದರ ಓನರ್ ಹೋದ ವಾರ ಫೋನ್ ಮಾಡಿದ್ರು, ನಾನು ಹಾರಿದಾಗ್ಲೆಲ್ಲ ಐಪ್ಯಾಡಲ್ಲಿ ಇನ್ನೊಂದು ವಿಮಾನ ನನ್ನ ಪಕ್ಕದಲ್ಲೇ ಅಂಟ್ಕೊಂಡು ಬರುತ್ತೆ, ಅದೇ ಎತ್ತರ ಅದೇ ಸ್ಪೀಡು, ಕಿಟಕಿಯಿಂದ ನೋಡಿದ್ರೆ ಏನೂ ಇಲ್ಲ, ಆ್ಯಪ್ ಮಾತ್ರ ಟ್ರಾಫಿಕ್ ಟ್ರಾಫಿಕ್ ಅಂತ ಕೂಗ್ತಾನೇ ಇರುತ್ತೆ ಅಂತ. ಇತ್ತೀಚೆಗೆ ವಿಮಾನದ ನಂಬರ್ ಬದಲಾಯಿಸಿದ್ರಾ ಅಂತ ಕೇಳ್ದೆ. ಹೌದು, ಮದುವೆ ಆದ ವರ್ಷ ಬರೋ ಹಾಗೆ ಹೊಸ ನಂಬರ್ ತಗೊಂಡೆ, ಪೇಂಟೂ ಆಯ್ತು ಅಂದ್ರು.

ಪಕ್ಕದಲ್ಲಿ ಬರ್ತಿದ್ದಿದ್ದು ಅವರದೇ ವಿಮಾನ.

ಟ್ರಾನ್ಸ್‌ಪಾಂಡರ್ ಅಂದ್ರೆ ಕೆಳಗಿನ ರೇಡಾರ್ 1030 ಮೆಗಾಹರ್ಟ್ಸಲ್ಲಿ ಯಾರು ನೀನು ಅಂತ ಕೇಳಿದ್ರೆ 1090ರಲ್ಲಿ ಉತ್ತರ ಕೊಡೋ ಡಬ್ಬ. ಕಂಟ್ರೋಲರ್ ಕೊಡೋ ನಾಲ್ಕಂಕಿ ಸ್ಕ್ವಾಕ್ ಕೋಡ್ ಪೈಲಟ್ಟೇ ಹಾಕ್ತಾರೆ, ಅದು ಬದಲಾಗ್ತಾ ಇರುತ್ತೆ. ಆದ್ರೆ ಅದರ ಜೊತೆ 24 ಬಿಟ್‌ನ ಒಂದು ಅಡ್ರೆಸ್ ಇರುತ್ತೆ, ಇಡೀ ಜಗತ್ತಲ್ಲಿ ಒಂದು ವಿಮಾನಕ್ಕೆ ಒಂದೇ. ಇಂಡಿಯಾದ ವಿಮಾನಗಳಿಗೆ 80ರಿಂದ 83ರೊಳಗೆ ಶುರುವಾಗೋದು. ಅಮೆರಿಕದಲ್ಲಿ ಇದನ್ನ ರಿಜಿಸ್ಟ್ರೇಷನ್ ನಂಬರಿಂದಲೇ ಲೆಕ್ಕ ಹಾಕ್ತಾರೆ, ಎನ್1 ಅನ್ನೋ ನಂಬರಿಗೆ ಎ00001, ಹಾಗಾಗಿ ನಂಬರ್ ಬದಲಾದ್ರೆ ಈ ಅಡ್ರೆಸ್ ಕೋಡೂ ಬದಲಾಗ್ಲೇಬೇಕು. ಸುತ್ತಲಿನ ವಿಮಾನಗಳ ಸಿಗ್ನಲ್ ಹಿಡಿದು ಐಪ್ಯಾಡಿಗೆ ಕೊಡೋ ರಿಸೀವರಿಗೆ ಇವರು ಹೊಸ ಕೋಡ್ ಹಾಕಿದ್ರು, ಟ್ರಾನ್ಸ್‌ಪಾಂಡರ್ ಹಳೇದನ್ನೇ ಕಳಿಸ್ತಿತ್ತು, ರಿಸೀವರ್ ಅದನ್ನ ಬೇರೆ ಯಾರೋ ಅಂದ್ಕೊಂಡು ತೋರಿಸ್ತಿತ್ತು.

ಇಲ್ಲದ ವಿಮಾನ ಕಂಡ್ರೆ ಕಿರಿಕಿರಿ ಅಷ್ಟೇ. ನಂಗೆ ನಿಜವಾಗ್ಲೂ ಭಯ ಆಗೋದು ಇರೋ ವಿಮಾನ ಕಾಣದೇ ಇರೋದು. ಆ ಹಳೇ ನಂಬರನ್ನ ನಾಳೆ ಇನ್ಯಾರೋ ತಗೊಂಡ್ರೆ ಆಕಾಶದಲ್ಲಿ ಎರಡು ವಿಮಾನ ಒಂದೇ ಅಡ್ರೆಸ್ ಕೂಗುತ್ವೆ, ಆ ಹೊಸಬರ ರಿಸೀವರ್ ಇವರ ವಿಮಾನವನ್ನ ಇದು ನಾನೇ ಅಂದ್ಕೊಂಡು ಮರೆಮಾಡಿಬಿಡಬಹುದು. ದೊಡ್ಡ ಜೆಟ್‌ಗಳ ಟಿಕ್ಯಾಸ್, ಅಂದ್ರೆ ಡಿಕ್ಕಿ ತಪ್ಪಿಸೋ ಸಿಸ್ಟಮ್, ಕೂಡ ಒಂದು ವಿಮಾನವನ್ನ ಇನ್ನೊಂದ್ರಿಂದ ಬೇರೆ ಮಾಡೋದು ಇದೇ ಅಡ್ರೆಸ್ಸಿಂದ.

ಈಗ ನೋಡಿ, ರ‍್ಯಾಂಪ್ ಟೆಸ್ಟರ್, ಅಂದ್ರೆ ನೆಲದ ಮೇಲೇ ಟ್ರಾನ್ಸ್‌ಪಾಂಡರ್ ಪರೀಕ್ಷೆ ಮಾಡೋ ಯಂತ್ರ, ಹಚ್ಚಿದೀನಿ, ಸ್ಕ್ರೀನಲ್ಲಿ ಹಳೇ ಕೋಡೇ ಬಂತು. ಇದನ್ನ ಬದಲಾಯಿಸೋ ಪೇಜ್ ಮೇಂಟೆನೆನ್ಸ್‌ನವರಿಗೆ ಅಂತಲೇ ಇರೋದು. ಇಲ್ಲೇ ತುಂಬಾ ಜನ ಎಡವೋದು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ, ಅದರ ರಿಜಿಸ್ಟ್ರಿಯಲ್ಲಿ ಒಂದೇ ಕೋಡನ್ನ ಎರಡು ಥರ ಬರ್ದಿರ್ತಾರೆ, 0ಯಿಂದ 7ರವರೆಗಿನ ಅಂಕಿ ಮಾತ್ರ ಬಳಸೋ ಆಕ್ಟಲ್‌ನಲ್ಲಿ 8 ಅಂಕಿ, 0ಯಿಂದ 9ರ ಜೊತೆ ಎಯಿಂದ ಎಫ್‌ವರೆಗಿನ ಅಕ್ಷರನೂ ಬಳಸೋ ಹೆಕ್ಸ್‌ನಲ್ಲಿ 6. ಎನ್1ದೇ ತಗೊಳ್ಳಿ, ಆಕ್ಟಲ್ 50000001. ಹೆಕ್ಸ್ ಕೇಳೋ ಕಡೆ ಅದರ ಮೊದಲ ಆರು ಅಂಕಿ ಒತ್ತಿದ್ರೆ 500000, ಅದು ಸ್ಯಾನ್ ಮರಿನೋ ದೇಶದ ಪಾಲಿಗೆ ಬಂದಿರೋ ಕೋಡು! ಅದಕ್ಕೇ ನಾನು ಮೊದಲು ಪೇಪರಲ್ಲಿ ಬರ್ಕೋತೀನಿ, ಈ ಡಬ್ಬ ಯಾವುದು ಕೇಳುತ್ತೆ ಅಂತ ಮ್ಯಾನುಯಲ್ ನೋಡ್ತೀನಿ, ಒಂದೊಂದೇ ಅಕ್ಷರ ಜೋರಾಗಿ ಓದ್ಕೊಂಡು ಒತ್ತಿ ಆಮೇಲೆ ಇನ್ನೊಬ್ಬ ಟೆಕ್ನಿಷಿಯನ್‌ಗೆ ತೋರಿಸ್ತೀನಿ, ಅವಸರ ಇದ್ರೂ ಇದನ್ನ ಬಿಡಲ್ಲ. ಫ್ಲೈಟ್ ಐಡಿ, ಅಂದ್ರೆ ಡಬ್ಬ ಕಳಿಸೋ ವಿಮಾನದ ಹೆಸರು, ಅದರಲ್ಲೂ ಹಳೇ ನಂಬರೇ ಇತ್ತು, ಅದನ್ನೂ ತಿದ್ದಿದೆ. ಮತ್ತೆ ಟೆಸ್ಟರ್ ಹಚ್ಚಿ ಹೊಸ ಕೋಡ್ ಬಂದ್ಮೇಲೇ ಲಾಗ್‌ಬುಕ್ಕಲ್ಲಿ ಎಂಟ್ರಿ.

ಮಧ್ಯಾಹ್ನ ಓನರ್ ಬಂದು ಒಂದು ರೌಂಡ್ ಹಾರಿ ಬಂದ್ರು. ಹಾರಾಟದಲ್ಲಿ ವಿಮಾನ ಏನೇನು ಕಳಿಸ್ತು ಅಂತ ಎಫ್‌ಎಎ ಫ್ರೀಯಾಗಿ ರಿಪೋರ್ಟ್ ಕೊಡುತ್ತೆ, ಇಮೇಲಲ್ಲಿ ಬಂತು, ತಪ್ಪು ತೋರಿಸೋ ಕೆಂಪು ಬಣ್ಣ ಒಂದು ಕಡೆನೂ ಇಲ್ಲ. ರಾತ್ರಿ ಅವರು ಐಪ್ಯಾಡ್ ಸ್ಕ್ರೀನ್‌ಶಾಟ್ ಕಳ್ಸಿದ್ರು, ನಡುವಲ್ಲಿ ಅವರ ವಿಮಾನ, ಪಕ್ಕ ಖಾಲಿ.